ಎರಡು ನದಿಗಳ ನಡುವಿನ ಕಡಲು

ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ (2019) ಕಾದಂಬರಿಯ ಹೆಸರಿನಲ್ಲಿ ಎರಡು ನದಿಗಳಿವೆ, ಕಡಲಿಲ್ಲ. ಲಿಸ್ಬನ್ನಿನ ಗೇಬ್ರಿಯಲ್ ಹಡಗೇರಿ ಗೋವೆಗೆ ಬರುವ ಪುಟಗಳು ಕನ್ನಡದಲ್ಲಿ ಅಪರೂಪದವು, ನಿಜ. ಆದರೆ ಎರಡನೆಯ ಓದಿನಲ್ಲಿ ನನಗೊಂದು ತಕರಾರು ಹುಟ್ಟಿತು. ಅಲ್ಲಿ ಕಡಲೆಂದರೆ ಅಪಾಯ ಮತ್ತು ದೂರ. ಯಾರು ಎಲ್ಲಿ ಸಾಗಬಹುದೆಂದು ಯಾರೋ ಅಪ್ಪಣೆ ಕೊಡುವ ಜಾಗವೂ ಅದು ಎಂಬುದು ಹಿನ್ನೆಲೆಗೆ ಸರಿಯುತ್ತದೆ.

ಆ ಅಪ್ಪಣೆಚೀಟಿಯ ಹೆಸರು ‘ಕಾರ್ತಾಸ್’. ಪೋರ್ಚುಗೀಸರು ಕೊಡುತ್ತಿದ್ದ ಈ ಪರವಾನಗಿ ಇಲ್ಲದ ಹಡಗನ್ನು ಸರಕಿನ ಸಮೇತ ವಶಪಡಿಸಿಕೊಳ್ಳುತ್ತಿದ್ದರು. ಮೊದಲೇನೂ ಕಡಲು ಸಾಧುವಾಗಿರಲಿಲ್ಲ, ಕಡಲ್ಗಳ್ಳರಿದ್ದರು. ಆದರೆ ಬಸರೂರು, ಭಟ್ಕಳಗಳ ಸುಂಕ ಮುಖ್ಯವಾಗಿ ಬಂದರಿನ ಲೆಕ್ಕ; ಇಡೀ ನೀರೇ ನಮ್ಮದೆಂದು ಹೇಳಿದವರು ಇವರು. ವಿಜಯನಗರ ಯಾಕೆ ತಡೆಯಲಿಲ್ಲ? ಅದಕ್ಕೆ ಕುದುರೆ ಬೇಕಿತ್ತು. 1510ರಲ್ಲಿ ಗೋವೆ ಹಿಡಿದ ಅಲ್ಬುಕರ್ಕ್, ವಿಜಯನಗರಕ್ಕೂ ಬಿಜಾಪುರಕ್ಕೂ ಕುದುರೆಯ ಆಸೆ ತೋರಿಸಿದ. ಒಳನಾಡಿನ ಇಬ್ಬರ ಹಗೆ ಕಡಲಿನಲ್ಲಿ ಮೂರನೆಯವನ ಬಂಡವಾಳವಾಯಿತು. ಮುಂದೆ ಕಲ್ಲಿಕೋಟೆಯ ಸಾಮೂದಿರಿಯೊಂದಿಗೆ ಕೈಜೋಡಿಸಿದ ಉಳ್ಳಾಲದ ಅಬ್ಬಕ್ಕನನ್ನು ನಾವು ವೀರರಾಣಿ ಎನ್ನುತ್ತೇವೆ. ಅದು ಬಂದರುಗಳ ಒಕ್ಕೂಟವೂ ಆಗಿತ್ತೆಂದು ಹೇಳುವುದು ಕಡಿಮೆ.

ತಪ್ಪು ಕಾದಂಬರಿಯದಷ್ಟೇ ಅಲ್ಲ. ನಮ್ಮ ಸೆಮಿನಾರುಗಳಲ್ಲಿ ಅದರ ಮತಾಂತರ, ಮತಾಂಧತೆ, ಪ್ರೇಮ ಎಲ್ಲದರ ಚರ್ಚೆಯಾಗುತ್ತದೆ, ಕುದುರೆಯ ಬೆಲೆ ಯಾರೂ ಕೇಳುವುದಿಲ್ಲ. ನನ್ನ ಪ್ರಬಂಧದ ಅಧ್ಯಾಯದಲ್ಲೂ ಹಾಗೆಯೇ ಬರೆದಿದ್ದೆ. ಕಡಲಿಲ್ಲದ ಮೈಸೂರಿನಲ್ಲಿ ಕೂತು ಓದುವವರ ಕಣ್ಣು ಇದೇನೋ. ಆದರೆ ನಾನಿರುವ ನಜರ್‌ಬಾದ್ ಎಂಬ ಹೆಸರೇ ಟಿಪ್ಪುವಿನ ಕೋಟೆಯದು. ಆತ 1780ರ ದಶಕದಲ್ಲಿ ತುರ್ಕಿ ಸುಲ್ತಾನನ ಬಳಿಗೆ ರಾಯಭಾರಿಗಳನ್ನು ಕಳಿಸಿ, ಬಸ್ರಾ ಬಂದರನ್ನು ತನಗೆ ಬಿಟ್ಟರೆ ಪ್ರತಿಯಾಗಿ ತನ್ನ ಕರಾವಳಿಯಲ್ಲಿ ಬಂದರು ಬಿಡುವ ಮಾತಾಡಿಸಿದ್ದ. ಅದು ಕೂಡಿಬರಲಿಲ್ಲ. 1799ರ ನಂತರ ಕೆನರಾ ಕರಾವಳಿ ಕಂಪನಿಯ ಪಾಲಾಯಿತು.

ಕಾರ್ತಾಸಿಗಿಂತ ಬೇರೆ ಬಗೆಯ ಕಾಗದವೂ, ಅಥವಾ ಕಾಗದವೇ ಅಲ್ಲದ್ದೂ, ಒಂದಿತ್ತು. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ಪ್ರಕಾರ, ಸಾಳುವ ನರಸಿಂಹ ಹೊರ್ಮುಜ್, ಏಡನ್‌ಗಳಿಂದ ಬರುವ ಕುದುರೆಗಳಲ್ಲಿ ಕಡಲಲ್ಲಿ ಸತ್ತವಕ್ಕೂ ಹಣ ಕೊಡುತ್ತಿದ್ದ. ವ್ಯಾಪಾರಿ ತಂದು ತೋರಿಸಬೇಕಾದದ್ದು ಅದರ ಬಾಲ ಮಾತ್ರ.