ಬೆಂಕಿಯ ನೆತ್ತಿಯ ಮೇಲೆ ಟಿವಿ

ಅಮೆರಿಕದ ಉಪನಗರಗಳಲ್ಲಿ ಈಚಿನ ಇಪ್ಪತ್ತು ವರ್ಷಗಳಲ್ಲಿ ಎದ್ದ ಮನೆಗಳ ಹಾಲ್‌ನಲ್ಲಿ ಒಂದು ಗೋಡೆ ಮತ್ತೆ ಮತ್ತೆ ಎದುರಾಗುತ್ತದೆ. ಕೆಳಗೆ ಗ್ಯಾಸ್ ಫೈರ್‌ಪ್ಲೇಸ್, ಅದರ ಮೇಲೆ ಮ್ಯಾಂಟೆಲ್ ಎನ್ನುವ ಹಲಗೆ, ಹಲಗೆಯ ಮೇಲೆ ಗೋಡೆಗಂಟಿದ ದೊಡ್ಡ ಟಿವಿ. ಒಂದು ವೈರೂ ಕಣ್ಣಿಗೆ ಬೀಳಬಾರದು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಟೆಕ್ಸಾಸ್‌ನ ಫ್ರಿಸ್ಕೊದಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲೂ ಇದೇ ಏರ್ಪಾಡು. ಗೃಹಪ್ರವೇಶಕ್ಕೆ ಹೋದವರು ಬಾಗಿಲಲ್ಲೇ ನಿಂತು ‘ಎಷ್ಟು ನೀಟಾಗಿದೆ!’ ಎನ್ನುತ್ತಾರೆ. ನಿಂತು ನೋಡಿದರೆ ನಿಜಕ್ಕೂ ನೀಟಾಗಿಯೇ ಇರುತ್ತದೆ. ಸೋಫಾದಲ್ಲಿ ಕೂತ ಮೇಲೆ ತೊಂದರೆ ಶುರು. ಮನೆಗೆ ಬಂದವರು ಒಂದು ಗಳಿಗೆ ನೋಡಿ ಮೆಚ್ಚಲೆಂದು ಮಾಡಿದ ಈ ಗೋಡೆ, ಅಲ್ಲೇ ಬದುಕುವವರ ಮೈಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂಬುದು ನನ್ನ ಆಕ್ಷೇಪ.

ಈ ಜೋಡಿ ಹೇಗೆ ಕೂಡಿತು ಎಂಬುದು ಅರ್ಥವಾಗದ ಸಂಗತಿಯೇನಲ್ಲ. ಆ ದೇಶದ ಮನೆಗೆ ಬೆಂಕಿಯ ಗೂಡೇ ನಡುವಾಗಿತ್ತು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ತಮ್ಮ ಮನೆಗಳನ್ನು ಅದರ ಸುತ್ತಲೇ ಹೆಣೆದರು. 1930ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಜಲಪಾತದ ಮೇಲೆ ಅವರು ಕಟ್ಟಿದ ಫಾಲಿಂಗ್‌ವಾಟರ್‌ನಲ್ಲಿ, ಅಲ್ಲೇ ಇದ್ದ ಬಂಡೆಯನ್ನು ಕಡಿಸದೆ ಬೆಂಕಿಯ ಮುಂದಿನ ನೆಲವಾಗಿ ಉಳಿಸಿಕೊಂಡರು. 1933ರ ಮಾರ್ಚ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ರೇಡಿಯೋದಲ್ಲಿ ಜನರೊಂದಿಗೆ ಮಾತು ಶುರುಮಾಡಿದಾಗ ಆ ಭಾಷಣಗಳಿಗೆ ಬೆಂಕಿಯ ಪಕ್ಕದ ಹರಟೆ ಎಂಬ ಹೆಸರೇ ನಿಂತಿತು. 1966ರ ಕ್ರಿಸ್‌ಮಸ್ ಹಿಂದಿನ ರಾತ್ರಿ ನ್ಯೂಯಾರ್ಕಿನ ಡಬ್ಲ್ಯೂಪಿಐಎಕ್ಸ್ ವಾಹಿನಿ, ಉರಿಯುವ ಕೊರಡಿನ ಚಿತ್ರವನ್ನೇ ಸುತ್ತಿ ಸುತ್ತಿ ತೋರಿಸಿತು. ಫೈರ್‌ಪ್ಲೇಸ್ ಇಲ್ಲದ ಅಪಾರ್ಟ್‌ಮೆಂಟಿನವರಿಗೆ ಟಿವಿಯೇ ಅಂದು ಬೆಂಕಿಯಾಯಿತು. ಬೆಂಕಿಯ ಜಾಗಕ್ಕೆ ಪೆಟ್ಟಿಗೆ ಬರುವ ಹಂಬಲ ಹಳೆಯದು. ತಡೆದದ್ದು ತೂಕ ಮಾತ್ರ. 36 ಇಂಚಿನ ಕೆಲವು ಟ್ಯೂಬ್ ಟಿವಿಗಳು ತೊಂಬತ್ತು ಕಿಲೋ ಮೀರುತ್ತಿದ್ದವು. ಅವು ನೆಲದ ಮೇಲೆ, ಇನ್ನೊಂದು ಗೋಡೆಗೆ ಒರಗಿ ಇರಲೇಬೇಕಿತ್ತು. ಚಪ್ಪಟೆ ಪರದೆ ಬಂದದ್ದೇ ಆ ತಡೆ ಹೋಯಿತು. ಬಿಲ್ಡರುಗಳು ಮ್ಯಾಂಟೆಲ್ ಮೇಲೆ ತಾವೇ ಒಂದು ಪ್ಲಗ್ ಪಾಯಿಂಟ್ ಕೂರಿಸಿ ಕೊಡತೊಡಗಿದರು. ಮನೆ ಕೊಂಡವರಿಗೆ ಯೋಚಿಸುವ ಅವಕಾಶವೇ ಉಳಿಯಲಿಲ್ಲ.

ಎತ್ತರದ ಲೆಕ್ಕ ಹಾಕಿ ನೋಡಿ. ಮ್ಯಾಂಟೆಲ್ ನೆಲದಿಂದ ಸುಮಾರು 54 ಇಂಚು ಮೇಲಿರುತ್ತದೆ. ಅದರ ಮೇಲೆ ಆರು ಇಂಚು ಬಿಟ್ಟು 65 ಇಂಚಿನ ಟಿವಿ ಹಾಕಿದರೆ, ಪರದೆಯ ಎತ್ತರವೇ ಹತ್ತಿರ ಹತ್ತಿರ 32 ಇಂಚು ಆಗುವುದರಿಂದ, ಅದರ ನಡುಭಾಗ 76 ಇಂಚಿಗೆ ಹೋಗಿ ನಿಲ್ಲುತ್ತದೆ. ಆರಡಿ ಆಳಿನ ನೆತ್ತಿಗಿಂತ ಮೇಲೆ! ಸೋಫಾದಲ್ಲಿ ಕೂತವರ ಕಣ್ಣು ಇರುವುದು 42 ಇಂಚಿನ ಆಸುಪಾಸಿನಲ್ಲಿ. ಹತ್ತಡಿ ದೂರ ಕೂತರೂ ಪರದೆಯ ನಡುವನ್ನು ನೋಡಲು ನೋಟವನ್ನು 16 ಡಿಗ್ರಿಯಷ್ಟು, ಮೇಲಂಚನ್ನು ನೋಡಲು 22 ಡಿಗ್ರಿಗೂ ಹೆಚ್ಚು ಎತ್ತಬೇಕು. ಸಿನಿಮಾ ಟಾಕೀಸಿನ ಮುಂದಿನ ಸಾಲಿನಲ್ಲಿ ಎರಡೂವರೆ ಗಂಟೆ ಕೂತವರಿಗೆ ಇದರ ರುಚಿ ಗೊತ್ತಿರುತ್ತದೆ. ಅಲ್ಲಿಂದ ಎದ್ದು ಮನೆಗೆ ಹೋಗಬಹುದು, ಇದು ಮನೆಯೇ.

ಇದರ ಪೂರ್ತಿ ಭಾರ ಬೀಳುವುದು ಊರಿಂದ ಬಂದ ಅಪ್ಪ ಅಮ್ಮಂದಿರ ಮೇಲೆ. ಮಗ, ಸೊಸೆ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಹಗಲಿಡೀ ಅವರಿಗೆ ಜೊತೆ ಎಂದರೆ ಕನ್ನಡ ಧಾರಾವಾಹಿ. ಅಂಥ ಒಂದು ಮನೆಯಲ್ಲಿ ಹಿರಿಯರೊಬ್ಬರು ನೋಡುವ ಬಗೆಯನ್ನು ಹತ್ತಿರದಿಂದ ಗಮನಿಸಿದ್ದೇನೆ. ಸೋಫಾದ ತುದಿಗೆ ಜಾರಿ, ಬೆನ್ನಿಗೊಂದು, ಕುತ್ತಿಗೆಗೊಂದು ದಿಂಬು ಒತ್ತಿಕೊಂಡು, ಗದ್ದ ಮೇಲೆತ್ತಿ ಕೂತಿದ್ದರು. ಜಾಹೀರಾತು ಬಂದಾಗಲೆಲ್ಲ ಕತ್ತು ಇಳಿಸಿ, ಅಂಗೈಯಿಂದ ಹಿಂಬದಿ ಉಜ್ಜಿಕೊಳ್ಳುತ್ತಿದ್ದರು. ‘ಟಿವಿ ಸ್ವಲ್ಪ ಕೆಳಗಿದ್ದಿದ್ದರೆ ಚೆನ್ನಾಗಿರ್ತಿತ್ತಪ್ಪ’ ಎಂದು ಒಮ್ಮೆ ಮೆಲ್ಲಗೆ ಅಂದರು. ಮಗನ ಮನೆಯಲ್ಲಿ ಕುಂದು ಎತ್ತಿ ಆಡಲು ಅವರಿಗೆ ಸಂಕೋಚ. ಆ ಸಂಕೋಚದಿಂದಾಗಿಯೇ ಇಂಥ ಗೋಡೆಗಳ ಬಗ್ಗೆ ಮೆಚ್ಚುಗೆ ಮಾತ್ರ ನಮ್ಮ ಕಿವಿಗೆ ಬೀಳುತ್ತಿದೆ.

ಶಾಖದ ಪ್ರಶ್ನೆ ಇದಕ್ಕಿಂತ ಸರಳ. ಸುತ್ತಲಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂದು ಟಿವಿಗಳ ಕೈಪಿಡಿಗಳು ಸಾಮಾನ್ಯವಾಗಿ ಹೇಳುತ್ತವೆ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಪ್ರತಿ ಹತ್ತು ಡಿಗ್ರಿ ಏರಿಕೆಗೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. ಮ್ಯಾಂಟೆಲ್ ಸಾಕಷ್ಟು ಮುಂದೆ ಚಾಚಿಕೊಂಡಿದ್ದರೆ ಬಿಸಿಗಾಳಿಯನ್ನು ಆಚೆಗೆ ತಳ್ಳುತ್ತದೆ. ಇಲ್ಲದಿದ್ದರೆ ಅದು ನೇರವಾಗಿ ಟಿವಿಯ ಹೊಟ್ಟೆಗೆ. ಟಿವಿ ಕೂರುವ ಜಾಗದಲ್ಲಿ ಥರ್ಮಾಮೀಟರ್ ಅಂಟಿಸಿ ಒಂದು ಗಂಟೆ ಬೆಂಕಿ ಹಚ್ಚಿಟ್ಟರೆ ಉತ್ತರ ಸಿಕ್ಕಿಬಿಡುತ್ತದೆ. ಹಾಗೆ ಮಾಡುವ ಬದಲು ಎಷ್ಟೋ ಮನೆಗಳವರು ಫೈರ್‌ಪ್ಲೇಸನ್ನೇ ಹಚ್ಚದೆ ಬಿಟ್ಟಿದ್ದಾರೆ. ಟಿವಿಗಾಗಿ ಬೆಂಕಿಯನ್ನು ಕೊಟ್ಟು, ಬೆಂಕಿಗಾಗಿ ಕತ್ತನ್ನೂ ಕೊಟ್ಟಂತಾಯಿತು.

ಇನ್ನು ವೈರು ಬಚ್ಚಿಡುವ ಕೆಲಸ. ಈ ಇಡೀ ಪದ್ಧತಿಯಲ್ಲಿ ನಿಜವಾದ ಕಸುಬುಗಾರಿಕೆ ಇರುವುದು ಇಲ್ಲಿ, ನಿಜವಾದ ಅಪಾಯ ಇರುವುದೂ ಇಲ್ಲೇ. ಜನ ಮಾಡುವ ಸುಲಭದ ದಾರಿ ಎಂದರೆ ಡ್ರೈವಾಲ್ ಎನ್ನುವ ಜಿಪ್ಸಮ್ ಹಲಗೆಯ ಗೋಡೆಯಲ್ಲಿ ಮೇಲೊಂದು ಕೆಳಗೊಂದು ತೂತು ಕೊರೆದು, ಟಿವಿಯ ಜೊತೆ ಬಂದ ಕರೆಂಟ್ ವೈರನ್ನೇ ಗೋಡೆಯೊಳಗೆ ಇಳಿಬಿಡುವುದು. ಅಮೆರಿಕದ ರಾಜ್ಯಗಳು ಅನುಸರಿಸುವ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಇದಕ್ಕೆ ಅವಕಾಶ ಕೊಡುವುದಿಲ್ಲ. ಕಾರಣ ಸ್ಪಷ್ಟ. ಬಾಗುವ ವೈರಿನ ಹೊದಿಕೆಯನ್ನು ಕಣ್ಣಿಗೆ ಕಾಣುವ ಜಾಗದಲ್ಲಿ ಬಳಸಲೆಂದು ಮಾಡಿರುತ್ತಾರೆ. ಗೋಡೆಯೊಳಗೆ ಅದು ಮೊಳೆಗೆ ತಾಗಿ ಹರಿದರೆ, ಬಿಸಿಯಾಗಿ ಕರಗಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹೊಗೆ ಬಂದ ಮೇಲೆಯೇ ತಿಳಿಯುವುದು. ಸರಿಯಾದ ಕ್ರಮವೆಂದರೆ ಎಲೆಕ್ಟ್ರಿಷಿಯನ್ ಕರೆಸಿ, ಗೋಡೆಯೊಳಗೆ ಹಾಕಲೆಂದೇ ಇರುವ ಕೇಬಲ್ ಎಳೆಸಿ, ಟಿವಿಯ ಹಿಂದೆ ಗೋಡೆಯ ಒಳಕ್ಕೆ ತಗ್ಗಿದ ಪ್ಲಗ್ ಪಾಯಿಂಟ್ ಹಾಕಿಸುವುದು. ಎಚ್‌ಡಿಎಂಐ ಕೇಬಲ್ ಕೂಡ ಗೋಡೆಯೊಳಗೆ ಹಾಕಬಹುದಾದ ಸಿಎಲ್2 ಅಥವಾ ಸಿಎಲ್3 ದರ್ಜೆಯದ್ದಾಗಿರಬೇಕು.

ಫೈರ್‌ಪ್ಲೇಸ್ ಮೇಲಿನ ಗೋಡೆಗೆ ಇನ್ನೊಂದು ತೊಡಕಿದೆ. ಎಷ್ಟೋ ಮನೆಗಳಲ್ಲಿ ಅದರ ಹಿಂದೆ ಹೊಗೆಯ ಕೊಳವೆ ಹೋಗುತ್ತದೆ. ಕಾರ್ಖಾನೆಯಲ್ಲಿ ತಯಾರಾದ ತಗಡಿನ ಫೈರ್‌ಪ್ಲೇಸ್ ಆದರೆ ಆ ಕೊಳವೆಯ ಸುತ್ತ ಇಂತಿಷ್ಟು ಜಾಗ ಖಾಲಿ ಇರಲೇಬೇಕೆಂದು ತಯಾರಕರು ಬರೆದಿರುತ್ತಾರೆ. ಅಲ್ಲಿ ಕೇಬಲ್ ತುರುಕುವಂತಿಲ್ಲ. ಇಟ್ಟಿಗೆಯ ಹಳೆಯ ಚಿಮಣಿ ಆದರೆ ಡ್ರಿಲ್ ಎಷ್ಟು ಆಳ ಇಳಿಯುತ್ತದೆ ಎಂಬುದರ ಮೇಲೆ ಕಣ್ಣಿರಬೇಕು. ಕೊಳವೆಯವರೆಗೆ ಕೊರೆದರೆ ಇಂಗಾಲದ ಮಾನಾಕ್ಸೈಡ್ ಹಾಲ್‌ಗೆ ಬರಲು ದಾರಿಯಾಗುತ್ತದೆ. ಬಲ್ಲ ಕೆಲಸಗಾರರು ಕೇಬಲ್ಲನ್ನು ಚಿಮಣಿಯಿಂದ ದೂರ ಅಡ್ಡಕ್ಕೆ ಒಯ್ದು, ಪಕ್ಕದ ಕಪಾಟಿನ ಹಿಂದೆ ಇಳಿಸುತ್ತಾರೆ. ದಾರಿಯಲ್ಲಿ ಬೆಂಕಿ ಹಬ್ಬದಂತೆ ಅಡ್ಡ ಕೂರಿಸಿದ ಮರದ ತುಂಡು ಸಿಕ್ಕರೆ, ಅದಕ್ಕೆ ತೂತು ಹಾಕಿದ ಮೇಲೆ ಸುತ್ತಲಿನ ಸಂದನ್ನು ಮರೆಯದೆ ಮುಚ್ಚುತ್ತಾರೆ. ಇಟ್ಟಿಗೆಯನ್ನು ಕೆತ್ತಲು ಮನಸ್ಸಾಗದವರು ಗೋಡೆಯ ಬಣ್ಣವನ್ನೇ ಬಳಿದ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯೊಳಗೆ ವೈರು ಕೂರಿಸುತ್ತಾರೆ. ಫೋಟೊದಲ್ಲಿ ಆ ಪಟ್ಟಿ ಒಂದು ಗೆರೆಯಾಗಿ ಕಾಣಿಸಬಹುದು. ನನ್ನ ಮಟ್ಟಿಗೆ ಅದು ಲಕ್ಷಣವಾದ, ಪ್ರಾಮಾಣಿಕ ಕೆಲಸ. ಏನೂ ಕಾಣದಂತೆ ನುಂಗಿಸಿದ ಅಪಾಯದ ವೈರಿಗಿಂತ ಅದು ನೂರು ಪಾಲು ವಾಸಿ.

ಒಪ್ಪಿಕೊಳ್ಳಬೇಕಾದ ಪರಿಹಾರಗಳೂ ಇವೆ. ಬೇಕಾದಾಗ ಟಿವಿಯನ್ನು ಮುಂದಕ್ಕೆ, ಕೆಳಕ್ಕೆ ಎಳೆದು ಕಣ್ಣ ಮಟ್ಟಕ್ಕೆ ತರುವ ಮೌಂಟುಗಳು ಒಳ್ಳೆಯವು. ಅವುಗಳಿಗೆ ಸಡಿಲ ಬಿಟ್ಟ ಉದ್ದದ ಕೇಬಲ್ ಬೇಕು ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. 2017ರಲ್ಲಿ ಸ್ಯಾಮ್‌ಸಂಗ್ ತಂದ ‘ದ ಫ್ರೇಮ್’ ಎಂಬ ಟಿವಿ ಯಾರೂ ನೋಡದಿರುವಾಗ ಚಿತ್ರಪಟದಂತೆ ಕಾಣುತ್ತದೆ. ಕಪ್ಪು ಚೌಕ ಗೋಡೆಯನ್ನು ಆಳುವ ಕಾಟ ಅದರಿಂದ ತಪ್ಪುತ್ತದೆ, ಎತ್ತರದ ಕಾಟ ತಪ್ಪುವುದಿಲ್ಲ. ನಿಜಕ್ಕೂ ಯಶಸ್ವಿಯಾಗಿರುವುದು ನೆಲಕ್ಕೆ ಹತ್ತಿರ ಅಡ್ಡಕ್ಕೆ ಉದ್ದವಾಗಿರುವ ಹೊಸ ಬಗೆಯ ಫೈರ್‌ಪ್ಲೇಸ್ ಇರುವ ಮನೆಗಳಲ್ಲಿ. ಅಲ್ಲಿ ಬೆಂಕಿ ಮೊಣಕಾಲಿನ ಮಟ್ಟದಲ್ಲಿದ್ದು, ಬಿಸಿಯನ್ನು ಬೇರೆ ಕಡೆಗೆ ತಿರುಗಿಸುವ ವ್ಯವಸ್ಥೆಯೂ ಇದ್ದರೆ ಟಿವಿ ತನ್ನ ಸರಿಯಾದ ಎತ್ತರದಲ್ಲೇ ಕೂರುತ್ತದೆ.

ಹೊಸ ಮನೆಗೆ ಸಹಿ ಹಾಕುತ್ತಿರುವ ನಮ್ಮವರು ಅಡುಗೆಮನೆಯ ಗ್ರಾನೈಟ್ ಆರಿಸುವ ದಿನವೇ ಬಿಲ್ಡರಿಗೆ ಇನ್ನೊಂದು ಮಾತು ಹೇಳಬೇಕು: ಡ್ರೈವಾಲ್ ಮುಚ್ಚುವ ಮೊದಲು ಫೈರ್‌ಪ್ಲೇಸಿನ ಪಕ್ಕದ ಗೋಡೆಯಲ್ಲಿ, ಟಿವಿಗೆಂದು 42 ಇಂಚಿನ ಎತ್ತರಕ್ಕೆ ಒಂದು ಪ್ಲಗ್ ಪಾಯಿಂಟ್, ಜೊತೆಗೆ ಕೇಬಲ್ ಎಳೆಯಲು ಎರಡು ಇಂಚಿನ ಖಾಲಿ ಪೈಪು ಹಾಕಿಕೊಡಿ. ಗೋಡೆ ಮುಚ್ಚುವ ಮೊದಲು ಇದು ಸಣ್ಣ ಕೆಲಸ. ಆಮೇಲೆ ಒಡೆಸಿ ಮಾಡಿಸಬೇಕೆಂದರೆ ಎಲೆಕ್ಟ್ರಿಷಿಯನ್, ಡ್ರೈವಾಲ್‌ನವರು, ಬಣ್ಣದವರು ಮೂವರೂ ಬರಬೇಕು.