ಡಿಐ ಎಂಜಿನ್ನಿಗೆ ಕೀರ್ತಿ, ಕ್ರೌನ್-ಪಿನಿಯನ್ನಿಗೆ ಮರೆವು

ಹಳೇ ಪೆಟ್ರೋಲ್ ಜೀಪು ಮೈಲೇಜ್ ಕೊಡುತ್ತಿಲ್ಲ ಎಂದು ಮಲೆನಾಡಿನ ಯಾವ ಗ್ಯಾರೇಜಿನಲ್ಲಿ ಹೇಳಿದರೂ ಬರುವ ಉತ್ತರ ಒಂದೇ: ‘ಡಿಐ ಕೂರಿಸಿ’. ಮಹೀಂದ್ರದ 2523 ಸಿಸಿ ಡೈರೆಕ್ಟ್ ಇಂಜೆಕ್ಷನ್ (ಡಿಐ) ಡೀಸೆಲ್ ಎಂಜಿನ್ನಿಗೆ ಸಿಕ್ಕಿರುವ ಈ ಕೀರ್ತಿ ಅಳತೆ ಮೀರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ತಕರಾರು ಎಂಜಿನ್ನಿನ ಮೇಲಲ್ಲ, ಅದನ್ನು ಸಿಜೆ-3ಬಿ ಜೀಪಿಗೆ ಇಳಿಸುವ ನಮ್ಮ ರೂಢಿಯ ಮೇಲೆ. ಆ ರೂಢಿ ಅರ್ಧ ಕೆಲಸಕ್ಕೇ ಪೂರ್ತಿ ಬಿಲ್ಲು ಹಾಕಿಸಿಕೊಂಡು ಬಂದಿದೆ.

ಎಂಜಿನ್ನಿನ ಗುಣಗಳನ್ನು ಎಲ್ಲರೂ ಬಲ್ಲರು. ಡೀಸೆಲ್ ನೇರ ಸಿಲಿಂಡರಿಗೇ ಬೀಳುವುದರಿಂದ ಶಾಖ ಪೋಲಾಗುವುದು ಕಡಿಮೆ. ಚಳಿಗಾಲದ ಬೆಳಿಗ್ಗೆ ಹೀಟರ್ ಪ್ಲಗ್ ಕಾಯುವ ಗೋಜಿಲ್ಲ. ಸ್ಪೇರ್ ಎಲ್ಲ ಕಡೆ ಸಿಗುತ್ತದೆ. ಇದರ ಮೂಲ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಟ್ರ್ಯಾಕ್ಟರಿನದು. 1963ರಲ್ಲಿ ಮಹೀಂದ್ರ ಮತ್ತು ವೋಲ್ಟಾಸ್ ಜೊತೆ ಆ ಕಂಪನಿ ಇಲ್ಲಿಗೆ ಬಂದಾಗ ಜೊತೆಗೆ ಬಂದ ವಂಶ. ನಿಧಾನವಾಗಿ ತಿರುಗುತ್ತಾ ಭಾರ ಎಳೆಯುವುದು ಅದರ ಸ್ವಭಾವ. ಟ್ರ್ಯಾಕ್ಟರಿನಲ್ಲಿ ಎರಡು ಸಾವಿರ ಆರ್‌ಪಿಎಂ ಆಸುಪಾಸಿನಲ್ಲೇ ದುಡಿದ ಈ ವಂಶ, ಜೀಪಿನಲ್ಲಿ ಮೂರು ಸಾವಿರ ಚಿಲ್ಲರೆಗೆ ಸುಸ್ತಾಗುತ್ತದೆ.

ಈಗ ಜೀಪಿನ ಹಿಂದಿನ ಆಕ್ಸಲ್ ನೋಡಿ. ಹಿಂದಿನ ಎರಡೂ ಚಕ್ರ ಎತ್ತಿ, ಎರಡನ್ನೂ ಒಟ್ಟಿಗೆ ಕೈಯಿಂದ ಒಂದು ಸುತ್ತು ತಿರುಗಿಸಿದರೆ ಪ್ರೊಪೆಲ್ಲರ್ ಶಾಫ್ಟು ಐದು ಸುತ್ತು ಮುಗಿಸಿ ಆರನೆಯದರಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ತಿರುಗಿ ನಿಲ್ಲುತ್ತದೆ. ಆಕ್ಸಲಿನೊಳಗಿನ ಕ್ರೌನ್ ಗೇರಿಗೆ 43 ಹಲ್ಲು, ಅದನ್ನು ತಿರುಗಿಸುವ ಪಿನಿಯನ್ನಿಗೆ 8; ಅನುಪಾತ 5.38. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಇದು 4.88 ಇತ್ತು. ಯುದ್ಧ ಮುಗಿದ ಮೇಲೆ ರೈತರಿಗೆಂದು ತಯಾರಾದ ಸಿಜೆ-2ಎ ಮಾದರಿಗೆ, ಹೊಲದಲ್ಲಿ ಎಳೆಯುವ ಬಲ ಬೇಕಾಗಿ, 5.38 ಬಂತು. ನಾಲ್ಕು ಸಾವಿರ ಆರ್‌ಪಿಎಂವರೆಗೆ ತಿರುಗಬಲ್ಲ ಪೆಟ್ರೋಲ್ ಎಂಜಿನ್ನಿಗೆ ಅದು ಹೊಂದಿತು.

ಲೆಕ್ಕ ಹಾಕೋಣ. 6.00-16 ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. ಟಾಪ್ ಗೇರಿನಲ್ಲಿ ಗಂಟೆಗೆ 60 ಕಿ.ಮೀ. ಹೋಗಲು ಎಂಜಿನ್ ಸುಮಾರು 2,440 ಆರ್‌ಪಿಎಂ ತಿರುಗಬೇಕು. ಡಿಐ ಪಾಲಿಗೆ ಅದು ಗರಿಷ್ಠ ಸುತ್ತಿನ ಮುಕ್ಕಾಲು ಭಾಗ ಮುಟ್ಟಿದ ಓಟ. ಕಡಿಮೆ ಸುತ್ತಿನಲ್ಲಿ ಹೆಚ್ಚು ಹೊರೆ ಹೊತ್ತಾಗಲೇ ಡೀಸೆಲ್ ಉಳಿಯುವುದು. ಇಲ್ಲಿ ನಡೆಯುವುದು ತದ್ವಿರುದ್ಧ: ಹೊರೆ ಕಡಿಮೆ, ಸುತ್ತು ಹೆಚ್ಚು, ಘರ್ಷಣೆಗೇ ಎಣ್ಣೆ ಖರ್ಚು. 4.27ರ ಕ್ರೌನ್-ಪಿನಿಯನ್ ಹಾಕಿದರೆ ಅದೇ ವೇಗಕ್ಕೆ 1,940 ಸಾಕು.

ಹಾಗಾದರೆ ಏರಿನಲ್ಲಿ ಬಲ ಹೋಗುವುದಿಲ್ಲವೇ ಎಂದು ತೋಟದವರು ಕೇಳುವುದು ನ್ಯಾಯ. ಲೋ ರೇಂಜಿನ ಮೊದಲ ಗೇರಿನಲ್ಲಿ ಒಟ್ಟು ಅನುಪಾತ ಸುಮಾರು 37ರಿಂದ 29ಕ್ಕೆ ಇಳಿಯುತ್ತದೆ. 700 ಆರ್‌ಪಿಎಂ ಐಡ್ಲಿಂಗಿನಲ್ಲಿ ಗಂಟೆಗೆ ಎರಡೂವರೆ ಕಿ.ಮೀ. ತೆವಳುತ್ತಿದ್ದ ಗಾಡಿ ಮೂರು ಕಿ.ಮೀ. ಚಿಲ್ಲರೆ ತೆವಳುತ್ತದೆ. ಎರಡೂ ಮನುಷ್ಯ ನಡೆಯುವುದಕ್ಕಿಂತ ನಿಧಾನವೇ. ಕಡಿಮೆ ಸುತ್ತಿನಲ್ಲೇ ಎಳೆತ ಇರುವ ಡೀಸೆಲ್ಲಿಗೆ ಈ ಕೊರತೆ ತಟ್ಟುವುದಿಲ್ಲ.

ಇಷ್ಟು ಸ್ಪಷ್ಟವಿದ್ದೂ ಕ್ರೌನ್ ಬದಲಾವಣೆಗೆ ಹೆಸರು ಬರಲಿಲ್ಲ. ಕಾರಣ ಮೀಟರಿನಲ್ಲಿದೆ. ಈ ಜೀಪಿನ ಸ್ಪೀಡೋಮೀಟರ್ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ, ಅಂದರೆ ಆಕ್ಸಲಿಗಿಂತ ಮುಂಚೆ. ಅನುಪಾತ 4.27ಕ್ಕೆ ಇಳಿದು ಸ್ಪೀಡೋ ಗೇರು ಹಳೆಯದೇ ಉಳಿದರೆ, ನೂರು ಕಿ.ಮೀ. ಓಡಿದಾಗ ಮೀಟರು 79 ತೋರಿಸುತ್ತದೆ. ನಿಜದಲ್ಲಿ ಲೀಟರಿಗೆ 15 ಕೊಡುವ ಗಾಡಿ ಕಾಗದದ ಮೇಲೆ 12 ಕೊಡುತ್ತದೆ. ‘ಕ್ರೌನ್ ಹಾಕಿಸಿದೆ, ಮೈಲೇಜ್ ಬಿತ್ತು’ ಎನ್ನುವ ದೂರು ಹುಟ್ಟಲು ಇಷ್ಟು ಸಾಕು. ಲಾಭವನ್ನು ನುಂಗುವ ಅಳತೆಗೋಲನ್ನೇ ನಂಬಿ ತೀರ್ಪು ಕೊಡುತ್ತಿದ್ದೇವೆ.

ಎಂಜಿನ್ ಬದಲಾವಣೆಯನ್ನೇ ಅಪಚಾರವೆನ್ನುವ ವಿಂಟೇಜ್ ಪ್ರೇಮಿಗಳ ಜೊತೆಗೂ ನನಗೆ ಜಗಳವಿದೆ. ಮೂಲ ಎಂಜಿನ್ ಹೋದರೆ ಅದು ಜೀಪೇ ಅಲ್ಲ ಎನ್ನುತ್ತಾರೆ. ಯಾವ ಮೂಲ? ಸಿಜೆ-3ಬಿಯ ಎತ್ತರದ ಬಾನೆಟ್ ಹುಟ್ಟಿದ್ದೇ ಎಂಜಿನ್ ಬದಲಾವಣೆಯಿಂದ. ಯುದ್ಧಕಾಲದ ಸೈಡ್ ವಾಲ್ವ್ ಎಂಜಿನ್ನಿನ ಜಾಗಕ್ಕೆ ಇನ್‌ಲೆಟ್ ವಾಲ್ವು ಹೆಡ್ಡಿನಲ್ಲಿರುವ ಹರಿಕೇನ್ ಎಂಜಿನ್ ಬಂತು, ಎತ್ತರ ಹೆಚ್ಚಾಯಿತು, ಅದು ಹಿಡಿಯಲಿ ಎಂದು 1953ರಲ್ಲಿ ವಿಲ್ಲಿಸ್ ಕಂಪನಿಯೇ ಬಾನೆಟ್ ಎತ್ತರಿಸಿತು. ಮುಂದೆ ಮಹೀಂದ್ರ ತಾನೇ ಡೀಸೆಲ್ ಕೂರಿಸಿತು. ಇವರು ಪೂಜಿಸುವ ಆ ಬಾನೆಟ್ಟೇ ಇವರ ವಾದಕ್ಕೆ ವಿರುದ್ಧ ಸಾಕ್ಷಿ. ಹೊಸ ಎಂಜಿನ್ನಿಗೆ ಒಡಲನ್ನು ಹೊಂದಿಸುವುದೇ ಈ ಗಾಡಿಯ ಸಂಪ್ರದಾಯ. ಗ್ಯಾರೇಜಿನ ಡಿಐ ರೂಢಿ ಸೋಲುವುದೂ ಅಲ್ಲೇ: ಅಡಾಪ್ಟರ್ ಪ್ಲೇಟ್ ಕಡೆಸಿ ಗೇರ್‌ಬಾಕ್ಸಿಗೆ ಎಂಜಿನ್ ಜೋಡಿಸಿದಲ್ಲಿಗೆ ಅದರ ಕೆಲಸ ಮುಗಿಯುತ್ತದೆ.

ಡೀಸೆಲ್ ಅಗ್ಗ ಎಂಬ ವಾದವೂ ಸೊರಗಿದೆ. ಪೆಟ್ರೋಲ್ ಬೆಲೆ 2010ರ ಜೂನಿನಲ್ಲಿ, ಡೀಸೆಲ್ ಬೆಲೆ 2014ರ ಅಕ್ಟೋಬರಿನಲ್ಲಿ ಸರ್ಕಾರದ ಹಿಡಿತದಿಂದ ಹೊರಬಂದವು. ಅಂದಿನ ಬೆಲೆ ಅಂತರ ಮುಚ್ಚಿಹಾಕುತ್ತಿದ್ದ ಅರೆಬರೆ ಕೆಲಸದ ನಷ್ಟವನ್ನು ಇಂದು ಮಾಲೀಕನೇ ಹೊರಬೇಕು.

ಆದ್ದರಿಂದ ಡಿಐ ಕೂರಿಸುವವರು ಕ್ರೌನ್-ಪಿನಿಯನ್ ಸಮೇತ ಕೂರಿಸಲಿ: ಹಿಂದಿನದು ಮಾತ್ರವಲ್ಲ ಮುಂದಿನದೂ, ಇಲ್ಲದಿದ್ದರೆ ಫೋರ್‌ವೀಲ್ ಹಾಕಿದಾಗ ಎರಡು ಆಕ್ಸಲ್‌ಗಳು ಒಂದಕ್ಕೊಂದು ಕಾದಾಡುತ್ತವೆ. ಜೊತೆಗೆ ಸ್ಪೀಡೋ ಗೇರನ್ನೂ ಬದಲಿಸಲಿ. ಅಷ್ಟಕ್ಕೆ ದುಡ್ಡಿಲ್ಲದಿದ್ದರೆ 5.38ಕ್ಕೆ ಒಗ್ಗುವ, 4,500 ಆರ್‌ಪಿಎಂವರೆಗೆ ತಿರುಗುವ 2112 ಸಿಸಿ ಪ್ಯೂಜೊ ಎಂಜಿನ್ ಹುಡುಕಲಿ. ಎಂಎಂ 540 ಜೀಪಿಗೆ ಮಹೀಂದ್ರ ಕೂರಿಸಿದ್ದು ಅದನ್ನೇ. ಡಿಐಗಿಂತ ಅದು ತುಸು ಹೆಚ್ಚು ಕುಡಿಯುವ ಎಂಜಿನ್, ನಿಜ. ಆದರೆ ಹಳೇ ಆಕ್ಸಲಿನ ಮೇಲೆ ಅರ್ಧಂಬರ್ಧ ಕೂತ ಡಿಐಗಿಂತ ಅದೇ ಸರಿಯಾದ ಆಯ್ಕೆ.