ನೀರು ಮೇಲಕ್ಕೆ ಹರಿಯುವ 1000 ತುಂಡುಗಳು

ಕಣ್ಣಿಗೆ ಮೋಸ ಮಾಡುವ ಚಿತ್ರಗಳ ಜಿಗ್ಸಾಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ರಾಶಿ ರಾಶಿ ಸಿಗುತ್ತವೆ. ಬಹಳಷ್ಟು ದಂಡ. ಜಪಾನಿನ ಅಕಿಯೋಶಿ ಕಿಟಾವೊಕಾ 2003ರಲ್ಲಿ ಮಾಡಿದ ತಿರುಗುವ ಹಾವುಗಳ ಚಿತ್ರವನ್ನು ನೀವು ವಾಟ್ಸಾಪ್‌ನಲ್ಲಾದರೂ ನೋಡಿರ್ತೀರಿ. ಅಂಥದ್ದನ್ನು ತುಂಡು ಮಾಡಿದರೆ ಕೈಗೆ ಬರೋದು ಬಣ್ಣದ ಪಟ್ಟಿ ಮಾತ್ರ. ಜೋಡಿಸುವಾಗ ಹಾವೂ ಇಲ್ಲ, ತಿರುಗೋದೂ ಇಲ್ಲ. ಮಜಾ ಏನಿದ್ದರೂ ಚಿತ್ರ ಪೂರ್ತಿ ಆದಮೇಲೆ. ಅದಕ್ಕೆ ಪೋಸ್ಟರ್ ಸಾಕಲ್ವಾ?

ಡಚ್ ಕಲಾವಿದ ಎಂ.ಸಿ. ಎಶರ್ 1961ರಲ್ಲಿ ಮಾಡಿದ ‘ಜಲಪಾತ’ ಬೇರೆ ಜಾತಿಯದು. ಅದರ 1000 ತುಂಡುಗಳ ಜಿಗ್ಸಾವನ್ನು ನಾನು ಎರಡು ಸಲ ಜೋಡಿಸಿದ್ದೇನೆ. ಮೇಲಿಂದ ನೀರು ಬೀಳುತ್ತದೆ, ಚಕ್ರ ತಿರುಗಿಸುತ್ತದೆ, ಇಟ್ಟಿಗೆಯ ಕಾಲುವೆಯಲ್ಲಿ ಅಂಕುಡೊಂಕಾಗಿ ದೂರ ಹರಿಯುತ್ತದೆ. ಹರಿದು ಹರಿದು ಎಲ್ಲಿಂದ ಬಿದ್ದಿತ್ತೋ ಅಲ್ಲಿಗೇ ಬಂದು ಸೇರುತ್ತದೆ! ಇದರ ಬೇರು ಲಯನೆಲ್ ಪೆನ್ರೋಸ್ ಮತ್ತು ಮಗ ರೋಜರ್ ಪೆನ್ರೋಸ್ 1958ರಲ್ಲಿ ಪ್ರಕಟಿಸಿದ ತ್ರಿಕೋನ. ಅದರ ಒಂದೊಂದು ಮೂಲೆಯನ್ನೂ ಬೇರೆ ಬೇರೆ ನೋಡಿದರೆ ಬಡಗಿ ಮಾಡಿಕೊಡಬಹುದಾದಷ್ಟು ಸರಳ. ಮೂರನ್ನೂ ಕೂಡಿಸಿ ನೋಡಿದರೆ ಯಾವ ಬಡಗಿಯಿಂದಲೂ ಆಗದ ವಸ್ತು.

ಎರಡನೇ ಸಲ ಡಬ್ಬಿಯ ಮುಚ್ಚಳ ಬಚ್ಚಿಟ್ಟು, ಚಕ್ರದಿಂದ ಶುರುಮಾಡಿ ನೀರಿನ ಜಾಡು ಹಿಡಿದೆ. ಗೋಡೆಗೆ ಗೋಡೆ ಕೂಡಿತು, ನೀರಿಗೆ ನೀರು ಕೂಡಿತು. ಪ್ರತಿ ತುಂಡೂ ಟಕ್ ಅಂತ ಕೂತಿತು. ಸುಳ್ಳು ಇಲ್ಲಿಂದ ಶುರು ಅಂತ ಬೆರಳಿಟ್ಟು ತೋರಿಸೋಕೆ ಒಂದು ತುಂಡೂ ಇಲ್ಲ. ಅಷ್ಟರಲ್ಲಿ ನೀರು ತುದಿಗೆ ಹೋಗಿ ಕೂತಿತ್ತು. ಭಿತ್ತಿಚಿತ್ರವಾಗಿ ನೋಡುವಾಗ ಈ ಅನುಭವ ಸಿಗುವುದಿಲ್ಲ, ಅಲ್ಲಿ ಕಣ್ಣು ಒಂದೇ ಏಟಿಗೆ ಮೋಸಹೋಗಿ ನಕ್ಕುಬಿಡುತ್ತದೆ. ಇಲ್ಲಿ ಮೋಸವನ್ನು ಕೈಯಾರೆ, ಒಂದೊಂದಾಗಿ, ಸಾಕ್ಷಿ ಸಮೇತ ಕಟ್ಟಬೇಕು.

ಆದರೆ ಆ ‘ಟಕ್’ ಯಾವುದಕ್ಕೆ ಸಾಕ್ಷಿ? ಚಿತ್ರವನ್ನು ರಟ್ಟಿಗೆ ಅಂಟಿಸಿ, ಮೇಲಿಂದ ಉಕ್ಕಿನ ಅಲಗುಗಳ ಅಚ್ಚು ಒತ್ತುತ್ತಾರೆ. ಎರಡು ತುಂಡು ಕೂಡಿದರೆ ಗೊತ್ತಾಗೋದು ಇಷ್ಟೇ: ಇವೆರಡೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇದ್ದವು. ಚಿತ್ರ ನಿಜವೋ ಸುಳ್ಳೋ, ರಟ್ಟಿಗೆ ಅದರ ಗೊಡವೆ ಇಲ್ಲ. ಮಿಕ್ಕ ಜಿಗ್ಸಾಗಳು ಕೂಡಿದ್ದೆಲ್ಲ ಸರಿ ಅಂತ ನಂಬಿಸಿ ಖುಷಿ ಕೊಡುತ್ತವೆ. ಇದೊಂದು ಆ ಖುಷಿಯನ್ನೇ ಅನುಮಾನಕ್ಕೆ ತಳ್ಳುತ್ತದೆ. ಪ್ರತಿ ಟೀಮಿನ ಟೆಸ್ಟೂ ಹಸಿರು, ಒಟ್ಟು ಸಿಸ್ಟಮ್ ಮಾತ್ರ ರಾತ್ರಿ ಎರಡಕ್ಕೆ ಮಲಗಿದೆ, ಮೇಲ್ ಥ್ರೆಡ್ಡಿನಲ್ಲಿ ಎಲ್ಲರೂ ‘ನಮ್ಮ ಮಾಡ್ಯೂಲ್ ಸರಿ ಇದೆ’ ಅಂತಿದ್ದಾರೆ. ಕೆಲಸಕ್ಕೆ ಹೋಗುವವರಿಗೆ ಎಶರ್‌ನನ್ನು ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆ ಗೌಂಡಿಗಳಿಗಂತೂ ಬೇಕೇ ಇಲ್ಲ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ನೆಲದಡಿ ಸುಣ್ಣಕಲ್ಲು ಪದರು ಪದರಾಗಿ ಮಲಗಿದೆ. ಕೆಲವು ಸಿಮೆಂಟ್ ಆಗುತ್ತದೆ, ಹಲಗೆಯಂತೆ ಏಳುವುದು ಪರಸಿ ಆಗಿ ಚಿಂಚೋಳಿಯ ಮನೆಗೂ ಹೋಗುತ್ತದೆ, ಬೆಂಗಳೂರಿನ ಫುಟ್‌ಪಾತಿಗೂ ಬರುತ್ತದೆ. ಪರಸಿ ಹಾಸುವಾಗ ಒಂದೊಂದು ಸಂದಿನಲ್ಲಿ 2 ಮಿಲಿಮೀಟರ್ ಸರಿದರೆ ಯಾರ ಕಣ್ಣಿಗೂ ಕಾಣದು. 20 ಕಲ್ಲಿಗೆ 4 ಸೆಂಟಿಮೀಟರ್ ಆಯ್ತು ನೋಡ್ರಿ, ಕೊನೇ ಕಲ್ಲು ಗೋಡೆಗೆ ತಾಗಿ ಒಲ್ಲೆ ಅನ್ನುತ್ತದೆ. ಅದಕ್ಕೇ ಗೌಂಡಿ ಮೊದಲ ಕಲ್ಲಿಗಿಂತ ಮುಂಚೆ ಇಡೀ ಕೋಣೆಗೆ ದಾರ ಹಿಡಿಯುತ್ತಾನೆ. ಎಶರ್‌ನ ಹಾಳೆಗೆ ಆ ಕೊನೇ ಕಲ್ಲಿನ ಕಾಟ ಇಲ್ಲ.

ಕಲ್ಲೂ ಮೋಸ ಮಾಡಬಲ್ಲದು ಅನ್ನೋದಕ್ಕೆ ಚಿತ್ತಾಪುರ ತಾಲ್ಲೂಕಿನ ಸನ್ನತಿ ಇದೆ. ಭೀಮಾ ದಡದ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ ವಿಗ್ರಹದ ಪೀಠದ ಕೆಳಗಿನ ಕಲ್ಲಿನಲ್ಲಿ ಬ್ರಾಹ್ಮಿ ಅಕ್ಷರ ಕಂಡವು. ಅದು ಅಶೋಕನ ಶಾಸನ. ನಡುವೆ ತೂತು ಕೊರೆದು, ಕೆಲವು ಅಕ್ಷರಗಳನ್ನು ಬಲಿಕೊಟ್ಟು, ಪೀಠಕ್ಕೆ ಹೊಂದಿಸಿದ್ದರು. ಅಷ್ಟು ಚೆನ್ನಾಗಿ ಕೂತಿತ್ತು ಅಂದರೆ, ಚಾವಣಿ ಬೀಳುವವರೆಗೆ ಇದು ಬೇರೆ ಚಿತ್ರದ ತುಂಡಿರಬಹುದು ಅಂತ ಅನುಮಾನ ಬರಲಿಲ್ಲ. ತಪ್ಪಾಗಿ ಕೂತಿತ್ತು ಅಂತಲೂ ನಾನು ಹೇಳಲಾರೆ, ದೇವಿಯ ಭಾರ ಹೊತ್ತಿತ್ತಲ್ಲ. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಸಿಕ್ಕ ಬೌದ್ಧ ಸ್ತೂಪವೂ ಚೂರುಚೂರೇ. ಒಂದು ಹಲಗೆಯಲ್ಲಿ ರಾಜನ ಚಿತ್ರ, ಜೊತೆಗೆ ‘ರಾಯ ಅಸೋಕೋ’ ಎಂಬ ಬರಹ. ಕೆತ್ತಿದವನು ಹೆಸರು ಬರೆದಿಟ್ಟಿದ್ದರಿಂದ ಅದು ಅಶೋಕ ಅಂತ ಗೊತ್ತಾಯಿತು. ಅಲ್ಲಿ ಡಬ್ಬಿಯೂ ಇಲ್ಲ, ಮುಚ್ಚಳವೂ ಇಲ್ಲ.

ಜಿಗ್ಸಾ ಕೊಳ್ಳುವವರಿಗೆ ಒಂದೆರಡು ಮಾತು. ಹೊಳಪಿನ ಕಾಗದದ್ದು ಬೇಡ, ಕಪ್ಪುಬಿಳುಪಿನ ಚಿತ್ರದ ಮೇಲೆ ಟ್ಯೂಬ್‌ಲೈಟ್ ಮಿಂಚಿದರೆ ಏನೂ ಕಾಣದು. ಗೋಪುರಗಳ ಮೇಲಿನ ಬಹುಮುಖಿ ಆಕೃತಿಗಳು ಬೇಗ ಮುಗಿಯುತ್ತವೆ, ಇಟ್ಟಿಗೆ ಗೋಡೆ ಪ್ರಾಣ ತಿನ್ನುತ್ತದೆ. ಕೆಳಗೆ ಬಟ್ಟೆ ಒಣಹಾಕುವ ಹೆಂಗಸಿದ್ದಾಳೆ. ತಲೆಯ ಮೇಲೆ ಇಷ್ಟೆಲ್ಲ ನಡೆಯುತ್ತಿದ್ದರೂ ಆಕೆಗೆ ಅವಳ ಕೆಲಸ. ಆ ತುಂಡನ್ನು ಕೊನೆಗೆ ಇಟ್ಟುಕೊಳ್ಳಿ.